ಹಾರ್ಪಿಗೆ ಗಾಡಿ, ಬಿಲ್ಲಿಗೆ ಹಮಾಲಿ

ಹಾರ್ಪ್ ಎಂಬ ಪಾಶ್ಚಾತ್ಯ ವಾದ್ಯವನ್ನು ಸಾಗಿಸುವ ಗಾಡಿಯ ಬಗ್ಗೆ ಹುಬ್ಬಳ್ಳಿಯ ಒಬ್ಬ ನಿವೃತ್ತ ಗುಮಾಸ್ತ ಜಗಳಕ್ಕೆ ನಿಂತಿದ್ದಾನೆಂದರೆ ಓದುಗರಿಗೆ ನಗು ಬಂದೀತು. ನಗಲಿ, ಅಡ್ಡಿಯಿಲ್ಲ. ನಕ್ಕು ಮುಗಿದ ಮೇಲೆ ಮಾತ್ರ ನನ್ನ ಮಾತನ್ನು ಪೂರ್ತಿ ಕೇಳಬೇಕು. ಯಾಕೆಂದರೆ ಈ ಜಗಳದಲ್ಲಿ ನನ್ನ ಮಗಳ ಬೆನ್ನು ಇದೆ, ಮೊಮ್ಮಗಳ ಸಂಗೀತ ಇದೆ, ನಲವತ್ತು ವರ್ಷಗಳ ಹಿಂದೆ ನಾನೇ ಬರೆದ ಒಂದು ಸುಳ್ಳು ಲೆಕ್ಕವೂ ಇದೆ.

ನನ್ನ ಮಗಳು ವೇಲ್ಸ್ ದೇಶದ ಸ್ವಾನ್ಸಿ ನಗರದಲ್ಲಿ ನರ್ಸ್. ಅವಳ ಮಗಳಿಗೆ ಹದಿನೈದು ವರ್ಷ. ವೇಲ್ಸ್ ಜನರಿಗೆ ಹಾರ್ಪ್ ಎಂದರೆ ನಮಗೆ ವೀಣೆ ಇದ್ದಂತೆ. ಅವರ ಭಾಷೆಯಲ್ಲಿ ಅದಕ್ಕೆ 'ತೆಲಿನ್' ಎನ್ನುತ್ತಾರೆ, ಅದನ್ನು ತಮ್ಮ ರಾಷ್ಟ್ರವಾದ್ಯವೆಂದು ತಿಳಿಯುತ್ತಾರೆ. ಹೀಗಾಗಿ ಶಾಲೆಗೆ ಹೋಗುವ ನಮ್ಮ ಹುಡುಗಿಯ ಕೈಗೂ ಅದು ಬಂತು. ಹೋದ ವರ್ಷ ಆರು ತಿಂಗಳು ನಾನು ಅವರ ಮನೆಯಲ್ಲಿದ್ದೆ. ಬೆಳಿಗ್ಗೆ ಎದ್ದರೆ ಮುಂದಿನ ಕೋಣೆಯಲ್ಲಿ ಆರಡಿ ಎತ್ತರದ ಆ ವಾದ್ಯ, ಬಟ್ಟೆ ಹೊದ್ದು ನಿಂತ ಅತಿಥಿಯಂತೆ ನನ್ನನ್ನು ನೋಡುತ್ತಿತ್ತು.

ನೋಡದವರಿಗಾಗಿ ಎರಡು ಮಾತು ಹೇಳುತ್ತೇನೆ. ವಾದ್ಯಗೋಷ್ಠಿಯಲ್ಲಿ ನುಡಿಸುವ ದೊಡ್ಡ ಹಾರ್ಪಿಗೆ 47 ತಂತಿಗಳು, ಬುಡದಲ್ಲಿ 7 ಪೆಡಲುಗಳು. ಇಷ್ಟೊಂದು ತಂತಿಗಳ ನಡುವೆ ಕಣ್ಣು ದಾರಿ ತಪ್ಪಬಾರದೆಂದು ಸಪ್ತಕದ ಒಂದು ಸ್ವರದ ತಂತಿಗಳಿಗೆ ಕೆಂಪು, ಇನ್ನೊಂದರ ತಂತಿಗಳಿಗೆ ಕಪ್ಪು ಬಣ್ಣ ಕೊಟ್ಟಿರುತ್ತಾರೆ. ತಂತಿಗಳೆಲ್ಲ ಸೇರಿ ಎಳೆಯುವ ಬಲ ಒಂದು ಟನ್ನಿನ ಸಮೀಪ ಬರುತ್ತದೆ. ಆ ಎಳೆತವನ್ನು ತಡೆದುಕೊಂಡು ನಿಂತಿರುವುದು ಮರ. ಇಡೀ ವಾದ್ಯದ ತೂಕ 36ರಿಂದ 42 ಕಿಲೋ. ತೂಕಕ್ಕಿಂತ ಕಷ್ಟದ್ದು ಅದರ ಆಕಾರ. ಮೂಟೆಯಾದರೆ ಬೆನ್ನಿಗೆ ಹೊಂದಿಕೊಳ್ಳುತ್ತದೆ. ಇದು ಮೂರು ಮೂಲೆಯ ಎತ್ತರದ ವಸ್ತು. ಒಂದೆಡೆ ಕಂಬ, ಒಂದೆಡೆ ಪೆಟ್ಟಿಗೆ, ನಡುವೆ ಮುಟ್ಟಬಾರದ ತಂತಿ, ಕೆಳಗೆ ಚಾಚಿಕೊಂಡ ಪೆಡಲು. ಎಲ್ಲಿ ಹಿಡಿಯಬೇಕೆಂಬುದೇ ಮೊದಲ ಪ್ರಶ್ನೆ.

ಈ ವಾದ್ಯ ಶಾಲೆಯದು. ಮಕ್ಕಳಿಗೆ ಎರವಲು ಕೊಡುತ್ತಾರೆ, ಒಳ್ಳೆಯ ಕೆಲಸ. ವಾದ್ಯದ ಜೊತೆ ಒಂದು ಗಾಡಿಯನ್ನೂ ಕೊಟ್ಟಿದ್ದರು. ಅದನ್ನು ಕಂಡಾಗಲೇ ನನಗೆ ಅನುಮಾನ ಬಂದಿತ್ತು. ರೈಲ್ವೆ ಸ್ಟೇಷನ್ನಿನಲ್ಲಿ ಸೂಟ್‌ಕೇಸ್ ಎಳೆಯುವಂಥ, ಮಡಚಿ ಇಡಬಹುದಾದ ತೆಳುವಾದ ಕೈಗಾಡಿ ಅದು. ನನ್ನ ಅಂಗೈ ಅಗಲದ ಎರಡು ಗಟ್ಟಿ ಪ್ಲಾಸ್ಟಿಕ್ ಗಾಲಿಗಳು. ಕಟ್ಟಲು ಒಂದು ರಬ್ಬರ್ ಹಗ್ಗ. 'ಬಹಳ ಹಗುರ, ಕಾರಿನಲ್ಲಿ ಎಲ್ಲಾದರೂ ಹಿಡಿಸುತ್ತದೆ' ಎಂದು ಪಾಲಕರ ಸಮಿತಿಯವರು ಹೆಮ್ಮೆಯಿಂದ ಹೇಳಿದ್ದರಂತೆ. ಒಂದು ಶನಿವಾರ ಸಂಜೆ ಹಳೆಯ ಪ್ರಾರ್ಥನಾಮಂದಿರವೊಂದರಲ್ಲಿ ಕಛೇರಿ ಇತ್ತು. ಬಾಗಿಲಿಗೆ ಮೂರು ಬೆರಳು ಎತ್ತರದ ಕಲ್ಲಿನ ಹೊಸ್ತಿಲು. ಗಾಲಿ ಅಲ್ಲಿಗೆ ಬಂದು ಗಕ್ಕನೆ ನಿಂತಿತು, ಹಾರ್ಪ್ ನಿಲ್ಲಲಿಲ್ಲ. ಮುಂದಕ್ಕೆ ವಾಲುತ್ತಿದ್ದ ವಾದ್ಯವನ್ನು ನನ್ನ ಮಗಳು ತಬ್ಬಿ ಹಿಡಿದಳು. ವಾದ್ಯಕ್ಕೆ ಒಂದು ಗೀರೂ ಬೀಳಲಿಲ್ಲ. ಅವಳು ಮಾತ್ರ ಆ ಕಛೇರಿಯನ್ನು ಗೋಡೆಗೆ ಒರಗಿ ನಿಂತೇ ಕೇಳಿದಳು, ಕೂರಲಾಗಲಿಲ್ಲ. ಮೂರು ವಾರ ಕೆಲಸಕ್ಕೆ ಹೋಗಲಿಲ್ಲ.

ಇದರಲ್ಲಿ ಒಂದು ವಿಪರ್ಯಾಸವಿದೆ. ಬ್ರಿಟನ್ನಿನಲ್ಲಿ ಕೆಲಸದ ಜಾಗದಲ್ಲಿ ಭಾರ ಎತ್ತುವ ಬಗ್ಗೆ 1992ರಲ್ಲಿ ನಿಯಮಗಳಾದವು, 1993ರ ಜನವರಿಯಿಂದ ಜಾರಿಗೆ ಬಂದವು. ಅಪಾಯವಿರುವ ಕಡೆ ಆಳು ಭಾರ ಎತ್ತುವುದನ್ನೇ ಆದಷ್ಟು ತಪ್ಪಿಸಬೇಕು, ತಪ್ಪಿಸಲಾಗದಿದ್ದರೆ ಅಪಾಯವನ್ನು ಅಳೆದು ಕಡಿಮೆ ಮಾಡಬೇಕು ಎಂಬುದು ಅದರ ಸಾರ. ಜೊತೆಗೆ ಕೊಟ್ಟಿರುವ ಮಾರ್ಗದರ್ಶನದಲ್ಲಿ ಸೊಂಟದ ಮಟ್ಟದಲ್ಲಿ, ಮೈಗೆ ಹತ್ತಿರವಾಗಿ ಹಿಡಿದ ಭಾರಕ್ಕೆ ಗಂಡಸರಿಗೆ 25 ಕಿಲೋ, ಹೆಂಗಸರಿಗೆ 16 ಕಿಲೋ ಎಂಬ ಅಂಕಿಗಳಿವೆ. ಅದು ಕಾನೂನಿನ ಕಟ್ಟುನಿಟ್ಟಿನ ಗಡಿಯಲ್ಲ. ಅದನ್ನು ದಾಟಿದರೆ ಎಚ್ಚರವಾಗಿ ನೋಡು ಎಂಬ ಗುರುತು. ನೆಲದಿಂದ ಎತ್ತುವುದಾದರೆ ಅಂಕಿ ಇನ್ನೂ ಕೆಳಗಿಳಿಯುತ್ತದೆ. ನನ್ನ ಮಗಳು ಆಸ್ಪತ್ರೆಯಲ್ಲಿ ಹೊಸ ನರ್ಸುಗಳಿಗೆ ಇದೇ ಪಾಠ ಹೇಳುವವಳು. ಸೋಮವಾರದಿಂದ ಶುಕ್ರವಾರದವರೆಗೆ 'ಒಬ್ಬರೇ ಎತ್ತಬೇಡಿ' ಎಂದು ಹೇಳಿ, ಶನಿವಾರ 40 ಕಿಲೋ ಹಾರ್ಪನ್ನು ಒಬ್ಬಳೇ ಸಂಭಾಳಿಸುತ್ತಿದ್ದಳು. ಯಾಕೆ ಎಂದು ಕೇಳಿದರೆ, 'ಅದು ಕೆಲಸ ಅಲ್ಲಪ್ಪಾ, ಮಗಳ ಸಂಗೀತ' ಎಂದಳು.

ಈ ಮಾತೇ ನನ್ನನ್ನು ಕೆರಳಿಸಿದ್ದು. ಅವಳ ಮೇಲೆ ಬಂದ ಸಿಟ್ಟಲ್ಲ ಅದು; ಆ ಮಾತನ್ನು ಅವಳ ಬಾಯಿಗೆ ಇಟ್ಟವರ ಮೇಲಿನ ಸಿಟ್ಟು. ಅವಳು ಸಮಿತಿಗೆ ಕಾಗದ ಬರೆದು ಬೇರೆ ಗಾಡಿ ಬೇಕೆಂದು ಕೇಳಿದಳು. ಉತ್ತರ ಬಹಳ ಸಭ್ಯವಾಗಿತ್ತು. ಸ್ವಯಂಸೇವಕರ ಉತ್ಸಾಹಕ್ಕೆ ಕೃತಜ್ಞತೆ. ಈಗಿರುವ ಗಾಡಿ ಸಾಕಷ್ಟು ಚೆನ್ನಾಗಿದೆ. ಹಣವನ್ನು ತಂತಿಗಳಿಗೆ ಇಟ್ಟುಕೊಳ್ಳಬೇಕಾಗಿದೆ. ಇಷ್ಟಕ್ಕೂ ಪಾಲಕರು ಶಾಲೆಯ ನೌಕರರಲ್ಲವಾದ್ದರಿಂದ ಅಂದಿನ ಸಂಗತಿ ಸಂಸ್ಥೆಗೆ ಸಂಬಂಧಪಟ್ಟದ್ದಲ್ಲ. ಕೊನೆಯ ಸಾಲನ್ನು ಮಗಳು ಓದಿ ಹೇಳಿದಾಗ ನನಗೆ ಸ್ವಾನ್ಸಿಯ ಚಳಿಯಲ್ಲಿ ಬೆವರು ಬಂತು. ಈ ವಾಕ್ಯವನ್ನು ನಾನು ಮೊದಲೇ ಕೇಳಿದ್ದೆ. ಕೇಳಿದ್ದೇನು, ಬರೆದಿದ್ದೆ.

ಹುಬ್ಬಳ್ಳಿಯಲ್ಲಿ ನಾನು ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ನಮ್ಮ ಬಿಲ್ಲಿನಲ್ಲಿ ದಲಾಲಿ, ತೂಕ, ಹಮಾಲಿ ಎಂದು ಬೇರೆ ಬೇರೆ ಸಾಲುಗಳು. ಹಮಾಲಿ ಎಂದರೆ ಹೊರುವ ಕೆಲಸವೂ ಹೌದು, ಹೊತ್ತದ್ದರ ಕೂಲಿಯೂ ಹೌದು. ಒಂದೇ ಮಾತಿನಲ್ಲಿ ಎರಡೂ ಅಡಗಿವೆ. ಆಗಿನ ಚೀಲ ನೂರು ಕಿಲೋದ್ದು. 55 ಕಿಲೋಗಿಂತ ಹೆಚ್ಚಿನ ಭಾರವನ್ನು ಒಬ್ಬ ಗಂಡಾಳಿನ ಮೇಲೆ ಹೊರಿಸುವುದನ್ನು ಕಡಿಮೆ ಮಾಡುತ್ತ ಬರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿತ್ತು, ನಮ್ಮ ಗೋದಾಮಿನವರೆಗೆ ಆ ಸುದ್ದಿ ಬಂದಿರಲಿಲ್ಲ. 1984ರ ಸುಗ್ಗಿಯಲ್ಲಿ ಲಾರಿಯಿಂದ ಇಳಿಸಿದ ಶೇಂಗಾ ಚೀಲಗಳನ್ನು ಮಳೆ ಬಂತೆಂದು ಮತ್ತೊಮ್ಮೆ ಎತ್ತಿ ಒಳಗೆ ಒಟ್ಟಬೇಕಾಯಿತು. 'ಹಮಾಲಿ ಒಂದೇ ಸಲದ್ದು ಬರಿ' ಎಂದರು ಮಾಲೀಕರು. ಬರೆದೆ. ಆ ಎರಡನೆಯ ಎತ್ತುವಿಕೆಯಲ್ಲೇ ಒಬ್ಬ ಹಮಾಲ ಹಲಗೆಯ ಮೇಲಿಂದ ಜಾರಿ ಬಿದ್ದ. ಪಂಚರು ಕೂತಾಗ ಮಾಲೀಕರು ನನ್ನ ಖಾತೆಯನ್ನೇ ಬಿಚ್ಚಿ ತೋರಿಸಿದರು: ನಮ್ಮ ಕೆಲಸ ಆಗಲೇ ಮುಗಿದಿತ್ತು, ಆ ಹೊತ್ತಿನಲ್ಲಿ ಅವನು ನಮ್ಮ ಆಳೇ ಅಲ್ಲ. ಅವನು ನನ್ನತ್ತ ತಿರುಗಿ, 'ಹಂಗಾರ ನಾ ಏನ್ ಮಾಡಾಕತ್ತಿದ್ದೆ ಅಲ್ಲಿ, ಗುಮಾಸ್ತರ?' ಎಂದು ಕೇಳಿದ. ನಾನು ತಲೆ ಎತ್ತಲಿಲ್ಲ. ಅವನಿಗೆ ಪರಿಹಾರ ಸಿಗಲಿಲ್ಲ, ಮುಂದೆ ಅವನು ಚೀಲ ಹೊರಲೂ ಇಲ್ಲ.

ಹೀಗಾಗಿ ನಾನು ಹೇಳುವುದು ಇಷ್ಟೇ. ಹೊರುವ ಕೆಲಸವನ್ನು ಲೆಕ್ಕದಲ್ಲಿ ಬರೆಯದಿದ್ದರೆ ಹೊರುವವರೇ ಇಲ್ಲವಾಗುತ್ತಾರೆ. ಅವರು ಇಲ್ಲವಾದ ಮೇಲೆ ಅವರ ಕೈಗೆ ಎಂಥ ಗಾಡಿ ಕೊಟ್ಟರೂ ನಡೆಯುತ್ತದೆ. ಸ್ವಾನ್ಸಿಯ ಆ ಆಟಿಕೆ ಗಾಡಿಯನ್ನು ಆರಿಸಿದವರು ದುಷ್ಟರೇನಲ್ಲ. ಅವರು ವಾದ್ಯವನ್ನು ನೋಡಿದರು, ಕಾರಿನ ಡಿಕ್ಕಿಯನ್ನು ನೋಡಿದರು, ಬೆಲೆ ನೋಡಿದರು. ಎಳೆಯುವವಳನ್ನು ನೋಡಲಿಲ್ಲ, ಅವಳು ಬಿಲ್ಲಿನಲ್ಲಿ ಇರಲಿಲ್ಲವಾದ್ದರಿಂದ.

ಹಾಗಾದರೆ ಗಾಡಿಯನ್ನು ಆರಿಸುವುದು ಹೇಗೆ? ಸುಮ್ಮನೆ ಬೈದು ಕೂರುವವನಲ್ಲ ನಾನು. ಮಗಳು ಮಲಗಿದ್ದ ಮೂರು ವಾರದಲ್ಲಿ ನಾನೂ ಮೊಮ್ಮಗಳೂ ಅಂಗಡಿಗಳಿಗೆ ಹೋದೆವು, ಇತರ ಹಾರ್ಪ್ ವಾದಕರ ಗಾಡಿಗಳನ್ನು ಎಳೆದು ನೋಡಿದೆವು, ಮೇಜಿನ ಮೇಲೆ ಕಾಗದ ಹರಡಿ ಲೆಕ್ಕ ಹಾಕಿದೆವು.

ಮೊದಲನೆಯದು ಗಾಲಿ. ನಮ್ಮ ಚಕ್ಕಡಿಯ ಗಾಲಿ ಆಳೆತ್ತರ ಇರುವುದು ಶೋಕಿಗಲ್ಲ. ಹೊಲದ ದಾರಿಯ ತಗ್ಗುದಿನ್ನೆ ಗೊತ್ತಿದ್ದವರು ಮಾಡಿದ ಗಾಲಿ ಅದು. ಮೊಮ್ಮಗಳ ಭೌತಶಾಸ್ತ್ರದ ಪುಸ್ತಕ ಇಟ್ಟುಕೊಂಡು ಲೆಕ್ಕ ಮಾಡಿದೆವು. 10 ಸೆಂಟಿಮೀಟರ್ ಅಡ್ಡಳತೆಯ ಗಾಲಿಯನ್ನು 3 ಸೆಂಟಿಮೀಟರ್ ಎತ್ತರದ ಹೊಸ್ತಿಲಿನ ಮೇಲೆ ನೇರವಾಗಿ ತಳ್ಳಿ ಏರಿಸಬೇಕಾದರೆ ಗಾಲಿಯ ಮೇಲಿನ ಭಾರದ ಎರಡೂಕಾಲು ಪಟ್ಟು ಬಲ ಬೇಕು. ಅಂದರೆ 40 ಕಿಲೋ ಹಾರ್ಪಿಗೆ 90 ಕಿಲೋ ಎತ್ತುವಷ್ಟು ಬಲ. ಅದೇ ಗಾಲಿ 25 ಸೆಂಟಿಮೀಟರಿನದಾದರೆ 35 ಕಿಲೋದಷ್ಟು ಸಾಕು. ವಾಲಿಸಿ, ಹಿಂದಕ್ಕೆ ನಡೆಯುತ್ತ ಎಳೆದರೆ ಇನ್ನೂ ಸುಲಭ. ನನ್ನ ಮಗಳು ಅಶಕ್ತಳಾಗಿರಲಿಲ್ಲ. ಆ ಗಾಲಿ ಕೇಳಿದ್ದು ಯಾರೂ ಕೊಡಲಾಗದ ಬಲವನ್ನು.

ಗಾಲಿಯಲ್ಲಿ ಗಾಳಿ ತುಂಬುವ ಟಯರು ಇದ್ದರೆ ಒಳ್ಳೆಯದು. ಕಲ್ಲು ಹಾಸಿದ ಬೀದಿಯ ಕುಲುಕಾಟವನ್ನು ಅದು ನುಂಗುತ್ತದೆ. ಒಂದು ಟನ್ನಿನ ಎಳೆತ ತಡೆದುಕೊಂಡು ನಿಂತ ಮರಕ್ಕೆ ಪ್ರತಿ ಕಲ್ಲಿನ ಏಟು ತಗಲಬಾರದು. ಪಂಕ್ಚರ್ ಆಗುವ ಭಯ ಇದ್ದವರು ಗಟ್ಟಿ ರಬ್ಬರಿನ ದೊಡ್ಡ ಗಾಲಿ ಕೊಳ್ಳಲಿ. ದೊಡ್ಡದಿರಬೇಕು ಎಂಬುದರಲ್ಲಿ ಮಾತ್ರ ರಾಜಿ ಬೇಡ.

ಎರಡನೆಯದು ಸಮತೋಲ. ಎರಡು ಗಾಲಿಯ ಗಾಡಿಯಲ್ಲಿ ವಾಲಿಸಿದ ವಾದ್ಯದ ಭಾರ ಅಚ್ಚಿನ ನೇರ ಮೇಲೆ ಬಂದರೆ ಕೈಗೆ ಏನೂ ತಗಲುವುದಿಲ್ಲ. ಅದಕ್ಕಿಂತ ಹೆಚ್ಚು ವಾಲಿಸಿದರೆ ಉಳಿದದ್ದನ್ನು ಕೈ ಹೊರಬೇಕು. ಹಿಡಿ ಯಾರ ಎತ್ತರಕ್ಕೆ ಇದೆ ಎಂಬುದರ ಮೇಲೆ ಇದೆಲ್ಲ ನಿಂತಿದೆ. ಆರಡಿಯ ಗಂಡಸು ಅಂಗಡಿಯಲ್ಲಿ ಎಳೆದು 'ಬೆಣ್ಣೆಯಂತೆ ಹೋಗುತ್ತದೆ' ಎಂದರೆ ಐದಡಿಯ ತಾಯಿಗೆ ಅದರಿಂದ ಉಪಯೋಗವಿಲ್ಲ. ದಿನಾ ಎಳೆಯುವವರೇ ಹೋಗಿ, ವಾದ್ಯವನ್ನು ಹೇರಿಯೇ ನೋಡಬೇಕು. ಹಿಂದೆ ಇನ್ನೆರಡು ಪುಟ್ಟ ಗಾಲಿಗಳನ್ನು ಬಿಚ್ಚಿ ನಾಲ್ಕು ಗಾಲಿಯದಾಗಿ ಮಾಡಬಹುದಾದ ಗಾಡಿಗಳಿವೆ. ಉದ್ದ ಮೊಗಸಾಲೆಯಲ್ಲಿ ಅವು ಪೂರ್ತಿ ಭಾರವನ್ನು ತಾವೇ ಹೊರುತ್ತವೆ, ಹುಲ್ಲಿನ ಮೇಲೆ ಆ ಪುಟ್ಟ ಗಾಲಿಗಳು ಹೂತುಕೊಳ್ಳುತ್ತವೆ. ಒಂದೇ ಅಚ್ಚಿನ ಸುತ್ತ ಮೂರು ಮೂರು ಗಾಲಿ ತಿರುಗುವ ಮೆಟ್ಟಿಲು ಹತ್ತುವ ಗಾಡಿಯೂ ಉಂಟು. ಸಮನಾದ ಮೂರು ಮೆಟ್ಟಿಲಿಗೆ ಅದು ಸರಿ, ಹಳೆಯ ಕಟ್ಟಡದ ಸವೆದ ಮೆಟ್ಟಿಲಿಗೆ ಅದನ್ನು ನಂಬಬಾರದು. ಯಾವ ಗಾಡಿಯೇ ಇರಲಿ, ಮೆಟ್ಟಿಲಿನಲ್ಲೂ ಕಾರಿಗೆ ಏರಿಸುವಾಗಲೂ ಇಬ್ಬರು ಬೇಕೇ ಬೇಕು. ಎರಡನೆಯ ಆಳಿನ ಬದಲಿಗೆ ಬರುವ ಗಾಡಿಯನ್ನು ಇನ್ನೂ ಯಾರೂ ಮಾಡಿಲ್ಲ.

ಮೂರನೆಯದು ಕಟ್ಟು. ಗಾಡಿಯ ತಳದ ಹಲಗೆ ಪೀಠದ ಭಾರವನ್ನು ಹೊರಬೇಕು, ಪೆಡಲುಗಳನ್ನು ಒತ್ತಬಾರದು. ಮೈಗೆ ತಾಗುವಲ್ಲೆಲ್ಲ ಮೆತ್ತೆ ಇರಬೇಕು. ಕಟ್ಟುವುದು ಅಗಲ ಪಟ್ಟಿಯಾಗಿರಬೇಕು. ಹಿಗ್ಗುವ ರಬ್ಬರ್ ಹಗ್ಗ ಬೀಳುವ ವಸ್ತುವನ್ನು ತಡೆಯುವುದಿಲ್ಲ, ಕೆಲವು ಕ್ಷಣ ತಡಮಾಡಿ ಬೀಳಿಸುತ್ತದೆ.

ಇದೆಲ್ಲಕ್ಕಿಂತ ಮೊದಲು ದಾರಿಯನ್ನು ನಡೆದು ನೋಡಬೇಕು. ನಮ್ಮ ಹಮಾಲರು ಚೀಲಕ್ಕೆ ಕೈಹಾಕುವ ಮೊದಲು ಹಲಗೆಯನ್ನು ತುಳಿದು ನೋಡುತ್ತಿದ್ದರು. ವೇಲ್ಸಿನಲ್ಲಿ ವರ್ಷಕ್ಕೊಮ್ಮೆ ಆಗಸ್ಟಿನಲ್ಲಿ ಐಸ್ಟೆಡ್‌ವೊಡ್ ಎಂಬ ದೊಡ್ಡ ಸಾಹಿತ್ಯ ಸಂಗೀತ ಉತ್ಸವ ನಡೆಯುತ್ತದೆ. ಒಂದು ವರ್ಷ ಉತ್ತರದಲ್ಲಿ, ಮರುವರ್ಷ ದಕ್ಷಿಣದಲ್ಲಿ, ಸಾಮಾನ್ಯವಾಗಿ ಬಯಲಿನಲ್ಲಿ. ಅಲ್ಲಿಯ ಮಳೆ ಗೊತ್ತಿದ್ದವರಿಗೆ ಆ ಬಯಲು ಏನಾಗುತ್ತದೆಂದು ಹೇಳಬೇಕಾಗಿಲ್ಲ. ಇಡೀ ವರ್ಷ ನುಣುಪು ನೆಲದಲ್ಲಿ ಓಡಿದ ಗಾಡಿ ಆ ಒಂದು ದಿನದ ಕೆಸರಿನಲ್ಲಿ ನಿಂತರೆ ಅದನ್ನು ಆರಿಸಿದ್ದು ತಪ್ಪೇ. ದಾರಿಯಲ್ಲಿ ಅತ್ಯಂತ ಕೆಟ್ಟ ಹತ್ತು ಅಡಿ ಯಾವುದು ಎಂದು ಕಂಡುಕೊಂಡು, ಗಾಡಿಯನ್ನು ಅದಕ್ಕಾಗಿ ಕೊಳ್ಳಬೇಕು.

ಎದುರುವಾದಗಳನ್ನೂ ನಾನು ಬಲ್ಲೆ. ದೊಡ್ಡ ಗಾಡಿಯೇ ಒಂದು ಭಾರ, ಅದನ್ನೂ ಕಾರಿಗೆ ಎತ್ತಬೇಕಲ್ಲ ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ, ನಾನು ಒಪ್ಪುತ್ತೇನೆ. ಹಾಗೆಂದೇ ಗಾಲಿ ಕಳಚಿಕೊಳ್ಳುವ, ಹಿಡಿ ಮಡಚುವ ಗಾಡಿಗಳನ್ನು ನೋಡಬೇಕು. ಆದರೆ ಖಾಲಿ ಗಾಡಿಯನ್ನು ಎರಡು ಭಾಗ ಮಾಡಿ ಎತ್ತಬಹುದು, ವಾಲಿದ ಹಾರ್ಪನ್ನು ಎರಡು ಭಾಗ ಮಾಡಲಾಗುವುದಿಲ್ಲ. ಚಿಕ್ಕ ಹಾರ್ಪ್ ನುಡಿಸಲಿ ಎನ್ನುವವರಿದ್ದಾರೆ. ಪೆಡಲಿಲ್ಲದ ಹಾರ್ಪುಗಳು ಹಗುರವಾಗಿವೆ, ಮಧುರವಾಗಿಯೂ ಇವೆ. ಆದರೆ ವಾದ್ಯಗೋಷ್ಠಿಗೆ ಬರೆದ ಸಂಗೀತ ನಡುನಡುವೆ ಶ್ರುತಿಮನೆ ಬದಲಿಸುತ್ತದೆ, ಅದಕ್ಕೆ ಪೆಡಲು ಬೇಕು. ಹಣವಿಲ್ಲ ಎನ್ನುವವರಿಗೆ ಉತ್ತರ ಇನ್ನೂ ಸರಳ. ಹೊಸ ದೊಡ್ಡ ಹಾರ್ಪಿನ ಬೆಲೆಯಲ್ಲಿ ಕಾರು ಬರುತ್ತದೆ. ಒಳ್ಳೆಯ ಗಾಡಿಯ ಬೆಲೆ ಅದರ ಮುಂದೆ ಒಂದು ಸಣ್ಣ ಪಾಲು. ಕಾರು ಕೊಂಡು ಗಾಲಿಗೆ ಹಣವಿಲ್ಲ ಎನ್ನುವ ಮನುಷ್ಯನನ್ನು ನಾನು ಇನ್ನೂ ಕಂಡಿಲ್ಲ.

ಇನ್ನು ಕೊನೆಯ ವಾದ: ಸಂಗೀತದ ಮೇಲೆ ಪ್ರೀತಿಯಿದ್ದರೆ ಇಷ್ಟು ಕಷ್ಟ ಸಹಿಸಬೇಕು. ಇದಕ್ಕೆ ಐರ್ಲೆಂಡಿನ ಒಬ್ಬ ಹೆಣ್ಣುಮಗಳು ಮುನ್ನೂರು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದ್ದಾಳೆ. ಟರ್ಲೋ ಓ'ಕ್ಯಾರೊಲನ್ (1670–1738) ಅಲ್ಲಿಯ ಅತ್ಯಂತ ಹೆಸರಾದ ಹಾರ್ಪ್ ವಾದಕ. ಹದಿನೆಂಟರ ವಯಸ್ಸಿನಲ್ಲಿ ಸಿಡುಬಿನಿಂದ ಕಣ್ಣು ಕಳೆದುಕೊಂಡ. ಮ್ಯಾಕ್‌ಡರ್ಮಟ್ ರೋ ಮನೆತನದ ಒಡತಿ ಅವನಿಗೆ ಹಾರ್ಪ್ ಕಲಿಯುವ ವ್ಯವಸ್ಥೆ ಮಾಡಿಸಿದಳು. ಮೂರು ವರ್ಷದ ಕಲಿಕೆ ಮುಗಿದಾಗ ಅವಳು ಕೊಟ್ಟದ್ದು ಬರೀ ವಾದ್ಯವನ್ನಲ್ಲ. ಹಾರ್ಪಿನ ಜೊತೆಗೆ ಒಂದು ಕುದುರೆ ಕೊಟ್ಟಳು, ದಾರಿ ತೋರಿಸಲು ಒಬ್ಬ ಆಳನ್ನು ಕೊಟ್ಟಳು. ಆಗಿನ ಹಾರ್ಪ್ ಚಿಕ್ಕದು, ಪೆಡಲಿಲ್ಲದ್ದು. ಆದರೂ ಹೊರುವ ವ್ಯವಸ್ಥೆ ಇಲ್ಲದೆ ಕೊಟ್ಟ ವಾದ್ಯ ಅರ್ಧ ದಾನವೆಂದು ಅವಳಿಗೆ ಗೊತ್ತಿತ್ತು. 1810ರಲ್ಲಿ ಸೆಬಾಸ್ಟಿಯನ್ ಎರಾರ್ ಇಂದಿನ ಪೆಡಲ್ ಯಂತ್ರಕ್ಕೆ ಲಂಡನ್ನಿನಲ್ಲಿ ಪೇಟೆಂಟ್ ಪಡೆದ. ಅವನ ಹೆಸರು ಸಂಗೀತದ ಇತಿಹಾಸದಲ್ಲಿದೆ, ಇರಬೇಕಾದದ್ದೇ. ಆ ಭಾರವನ್ನು ದೊಡ್ಡ ಮನೆಗಳ ಮಹಡಿಗೆ ಹತ್ತಿಸಿ ಇಳಿಸಿದ ಆಳುಗಳ ಹೆಸರನ್ನು ಯಾರು ಬರೆದಿಟ್ಟರು?

ಇದು ಆಗದ ಕೆಲಸವೂ ಅಲ್ಲ. ಅದೇ ಬ್ರಿಟನ್ನಿನಲ್ಲಿ ವೃತ್ತಿಪರ ವಾದಕರ ಸಂಘದ ಒಪ್ಪಂದಗಳಲ್ಲಿ ಹಾರ್ಪಿನಂಥ ದೊಡ್ಡ ವಾದ್ಯ ತರುವವರಿಗೆ 'ಪೋರ್ಟರೇಜ್' ಎಂಬ ಪ್ರತ್ಯೇಕ ಭತ್ಯೆ ಇರುತ್ತದೆ. ಆ ಪದ ಕೇಳಿದಾಗ ನಾನು ಮಗಳಿಗೆ ಹೇಳಿದೆ: ಇದಕ್ಕೆ ನಮ್ಮಲ್ಲಿ ಹಮಾಲಿ ಅನ್ನುತ್ತಾರೆ, ನಾನು ಇಪ್ಪತ್ತು ವರ್ಷ ಈ ಸಾಲು ಬರೆದಿದ್ದೇನೆ. ಸಂಬಳಕ್ಕೆ ನುಡಿಸುವವರ ಬೆನ್ನಿಗೆ ಬೆಲೆ ಕಟ್ಟಿದ ಊರಿನಲ್ಲಿ ಕಲಿಯುವ ಮಕ್ಕಳ ಮತ್ತು ಅವರ ತಾಯಂದಿರ ಬೆನ್ನಿಗೆ ಯಾಕೆ ಬೆಲೆಯಿಲ್ಲ?

ಮಗಳು ಮಂಚ ಹಿಡಿದ ಎರಡನೆಯ ವಾರದಲ್ಲಿ ಮೊಮ್ಮಗಳು ನನ್ನ ಹತ್ತಿರ ಬಂದು, ಅಮ್ಮನಿಗೆ ಕೇಳಿಸದಂತೆ, 'ಅಜ್ಜಾ, ನಾನು ಹಾರ್ಪ್ ಬಿಟ್ಟು ಕೊಳಲು ಕಲಿಯಲಾ?' ಎಂದಳು. ಕೊಳಲು ಒಳ್ಳೆಯ ವಾದ್ಯ. ಆದರೆ ಅವಳ ಆಸೆ ಅದರಲ್ಲಿರಲಿಲ್ಲ. ಒಂದು ಗಾಡಿ ಸರಿಯಿಲ್ಲದ ಕಾರಣಕ್ಕೆ ಮಗುವೊಂದು ತನ್ನ ವಾದ್ಯವನ್ನು ತಪ್ಪೆಂದು ಭಾವಿಸುವ ಹಾಗಾಯಿತಲ್ಲ, ಸಮಿತಿಯ ಉಳಿತಾಯದ ಲೆಕ್ಕದಲ್ಲಿ ಇದನ್ನು ಯಾವ ಸಾಲಿನಲ್ಲಿ ಬರೆಯುತ್ತಾರೆ?

ನಾವೇ ಒಂದು ಗಾಡಿ ಕೊಂಡೆವು. ನನ್ನ ಉಳಿತಾಯದ ಒಂದಷ್ಟು ಅದರಲ್ಲಿದೆ. ದೊಡ್ಡ ಗಾಲಿ, ಗಾಳಿಯ ಟಯರು, ಅಗಲ ಪಟ್ಟಿ. ಹಿಡಿ ಮಗಳ ಎತ್ತರಕ್ಕೆ ಸರಿಯಾಗಿದೆ. ಹುಡುಗಿ ಹಾರ್ಪ್ ಬಿಡಲಿಲ್ಲ. ಆದರೆ ಇದನ್ನು ನಾನು ಗೆಲುವೆಂದು ತಿಳಿದಿಲ್ಲ. ನಾವು ಕೊಂಡ ಗಾಡಿ ನಮ್ಮ ಮನೆಯ ಸಮಸ್ಯೆಯನ್ನು ನೀಗಿತು. ಆ ಶಾಲೆಯಿಂದ ಹಾರ್ಪ್ ಪಡೆಯುವ ಮುಂದಿನ ಮಗುವಿನ ತಾಯಿಗೆ ಈಗಲೂ ಅದೇ ಅಂಗೈಯಗಲದ ಗಾಲಿಗಳೇ ಸಿಗುತ್ತವೆ. ಹುಬ್ಬಳ್ಳಿಗೆ ಹೊರಡುವ ಮುನ್ನ ಸಮಿತಿಗೆ ನಾನೇ ಒಂದು ಕಾಗದ ಬರೆದೆ, ಮೊಮ್ಮಗಳು ಇಂಗ್ಲಿಷಿಗೆ ತಿರುಗಿಸಿದಳು. ನಿಮ್ಮ ವಾರ್ಷಿಕ ಲೆಕ್ಕದಲ್ಲಿ ವಾದ್ಯ, ತಂತಿ, ವಿಮೆ ಎಂಬ ಸಾಲುಗಳ ಕೆಳಗೆ ಸಾಗಣೆ ಎಂಬ ಒಂದು ಸಾಲು ಸೇರಿಸಿ. ಅದರ ಮುಂದೆ ಸೊನ್ನೆ ಬರೆಯುವುದಾದರೂ ಬರೆಯಿರಿ. ಸೊನ್ನೆಯನ್ನು ಕಣ್ಣಾರೆ ನೋಡಿದವರಿಗೆ ಒಂದು ದಿನ ನಾಚಿಕೆಯಾದೀತು ಎಂದು. ಉತ್ತರ ಇನ್ನೂ ಬಂದಿಲ್ಲ.

ನಮ್ಮ ಊರಿನ ಸಂಗೀತ ಸಭೆಗಳವರಿಗೂ ಇದೇ ಮಾತು. ನಮ್ಮಲ್ಲಿ ಹಾರ್ಪ್ ಇಲ್ಲದಿರಬಹುದು. ತಂಬೂರಿ, ಹಾರ್ಮೋನಿಯಂ, ಧ್ವನಿವರ್ಧಕದ ಪೆಟ್ಟಿಗೆ, ನಾಟಕದ ಪರದೆ ಇವೆಲ್ಲ ತಾವಾಗಿಯೇ ವೇದಿಕೆ ಹತ್ತುವುದಿಲ್ಲ. ಮುಂದಿನ ಸಲ ಖರ್ಚಿನ ಪಟ್ಟಿ ಸಹಿಗೆ ಬಂದಾಗ ಹಮಾಲಿ ಎಂಬ ಸಾಲು ಇದೆಯೇ ಎಂದು ನೋಡಿ. ಇದ್ದರೆ, ಎಷ್ಟು ಸಲ ಎತ್ತಿದರೋ ಅಷ್ಟು ಸಲದ್ದು ಬರೆದಿದ್ದಾರೆಯೇ ಎಂದು ಕೇಳಿ. ನಾನು 1984ರಲ್ಲಿ ಕೇಳಲಿಲ್ಲ.